ಆರೋಗ್ಯವಂತರ ಟ್ಯೂಬು

ಹುಬ್ಬಳ್ಳಿಯ ಜನ ಯಾವ ಯಂತ್ರವನ್ನೂ ಅದರ ಜನ್ಮನಾಮದಿಂದ ಕರೆಯುವವರಲ್ಲ. ಉಣಕಲ್ ಕೆರೆಯ ಆಚೆ ಹೊಸದಾಗಿ ಎದ್ದ ರಕ್ತರೋಗ ಸಂಶೋಧನಾ ಕೇಂದ್ರಕ್ಕೆ 'ಕೋಶಗತಿ ಮುನ್ಸೂಚಕ' ಎಂಬ ಯಂತ್ರ ಬಂದು ತಿಂಗಳಾಗುವುದರೊಳಗೆ ಅದು ಎಲ್ಲರ ಬಾಯಲ್ಲಿ 'ಶಾಸ್ತ್ರಿ' ಆಗಿಹೋಗಿತ್ತು. ಈ ಶಾಸ್ತ್ರಿಗೆ ಪಂಚಾಂಗ ಬೇಡ, ದಕ್ಷಿಣೆ ಬೇಡ, ಎರಡು ಚಮಚ ರಕ್ತ ಸಾಕು. ನಿಮ್ಮ ರೋಗ ಆಮೆಯೋ ಕುದುರೆಯೋ ಎಂಬುದನ್ನು ಮಧ್ಯಾಹ್ನದ ಊಟದೊಳಗೆ ಹೇಳಿಬಿಡುತ್ತಿದ್ದ.

ಇದರಲ್ಲಿ ಪವಾಡವೇನೂ ಇರಲಿಲ್ಲ. ರಕ್ತದ ಕ್ಯಾನ್ಸರುಗಳಲ್ಲಿ ದೀರ್ಘಕಾಲದ್ದು ಒಂದಿದೆ. ಅದರಲ್ಲಿ ಬಿಳಿಕಣಗಳು ಸಾಯುವುದನ್ನು ಮರೆತು ಕೂಡುತ್ತಲೇ ಹೋಗುತ್ತವೆ. ಕೆಲವರಲ್ಲಿ ಅದು ಆಮೆ. ವರ್ಷಗಟ್ಟಲೆ ತೆವಳುತ್ತದೆ, ರೋಗಿ ಕೊನೆಗೆ ಮತ್ತೇನಕ್ಕೋ ಸಾಯುತ್ತಾನೆ. ಅಂಥವರಿಗೆ ಔಷಧ ಕೊಟ್ಟರೆ ಔಷಧದ ಬಾಧೆಯೊಂದೇ ಲಾಭ. ಇನ್ನು ಕೆಲವರಲ್ಲಿ ಅದು ಕುದುರೆ. ಮೂಳೆಯ ಮಜ್ಜೆಯೆಲ್ಲ ತುಂಬಿಹೋಗುವ ಮೊದಲು ಲಗಾಮು ಹಾಕಬೇಕು, ತಡವಾದರೆ ಯಾವ ಔಷಧವೂ ಹಿಡಿಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆಮೆಗೂ ಕುದುರೆಗೂ ಒಂದೇ ಮುಖ. ವ್ಯತ್ಯಾಸವಿರುವುದು ಕಣದ ಹೊರಮೈಯಲ್ಲಿ. ಪ್ರತಿ ಕಣವೂ ತನ್ನ ಮೈಮೇಲೆ ಪ್ರೋಟೀನಿನ ಪುಟ್ಟ ಬಾವುಟಗಳನ್ನು ನೆಟ್ಟುಕೊಂಡಿರುತ್ತದೆ. ಅವುಗಳಲ್ಲಿ ಸಿಡಿ ಮೂವತ್ತೆಂಟು ಎಂಬ ಬಾವುಟ ದಟ್ಟವಾಗಿದ್ದರೆ ರೋಗಕ್ಕೆ ಅವಸರ ಹೆಚ್ಚು ಎಂಬುದು ಹಳೆಯ ತಿಳಿವಳಿಕೆ. ಶಾಸ್ತ್ರಿ ಅದರ ಜೊತೆ ಹತ್ತಾರು ಬಾವುಟಗಳನ್ನು ಓದುತ್ತಿದ್ದ. ಬಾವುಟಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಕಣಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಲೇಸರಿನ ಮುಂದೆ ಓಡಿಸಿ, ಯಾವುದು ಎಷ್ಟು ಹೊಳೆಯಿತು ಎಂದು ಅಳೆಯುವುದು ಅವನ ಕೆಲಸ.

ಆದರೆ ದಟ್ಟ ಅಂದರೆ ಎಷ್ಟು ದಟ್ಟ? ಬಣ್ಣ ಒಂದು ದಿನ ಗಾಢ, ಒಂದು ದಿನ ತೆಳು. ಲೇಸರಿಗೂ ನಮ್ಮ ನಿಮ್ಮ ಹಾಗೆ ಒಳ್ಳೆಯ ದಿನ ಕೆಟ್ಟ ದಿನ ಉಂಟು. ಅದಕ್ಕೇ ಶಾಸ್ತ್ರಿ ಪ್ರತಿದಿನ ಬೆಳಿಗ್ಗೆ ಮೊದಲು ಆರೋಗ್ಯವಂತರೊಬ್ಬರ ರಕ್ತ ನೋಡಿ, ಅದರ ಮೇಲೆ ಆವತ್ತಿನ ಗೆರೆ ಎಳೆದುಕೊಳ್ಳುತ್ತಿದ್ದ. ಗೆರೆಗಿಂತ ಮೇಲೆ ಹೊಳೆದವರು ಕುದುರೆ, ಕೆಳಗುಳಿದವರು ಆಮೆ.

ಆ ಆರೋಗ್ಯವಂತರ ಟ್ಯೂಬಿಗೆ ಸಿಬ್ಬಂದಿಯವರು ಸರದಿಯ ಮೇಲೆ ಕೈ ಚಾಚಬೇಕೆಂಬ ನಿಯಮವಿತ್ತು. ಮೊದಮೊದಲು ಹಾಗೆಯೇ ನಡೆಯಿತು. ಆಮೇಲೆ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಸೋಮವಾರದ ಉಪವಾಸ.

"ನಿಮ್ಮನ್ನ ನಂಬಿದ್ರ ಶಾಸ್ತ್ರಿನೂ ಉಪವಾಸ ಬೀಳ್ತಾನ. ಸರೀರಿ ಅತ್ಲಾಗ," ಎಂದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುನಂದಾ ಇಟಗಿ ಒಂದು ದಿನ ತೋಳು ಮಡಚಿ ತಾನೇ ಕುರ್ಚಿಯಲ್ಲಿ ಕೂತಳು. ನಿವೃತ್ತಿ ಹತ್ತಿರ ಬಂದರೂ ಸಕ್ಕರೆ ಇಲ್ಲ, ಬಿಪಿ ಇಲ್ಲ, ದಿನಾ ನೃಪತುಂಗ ಬೆಟ್ಟ ಹತ್ತಿ ಇಳಿದು ಬರುವ ಹೆಂಗಸು. "ನನ್ನ ರಕ್ತ ಅಂದ್ರ ಗಂಗಾಜಲ," ಎಂಬುದು ಅವಳ ಮಾತು. ಯಾರೂ ಎದುರಾಡಲಿಲ್ಲ. ಸೂಜಿ ತಪ್ಪಿದ ಖುಷಿಯಲ್ಲಿ ಯಾರು ತಾನೇ ಎದುರಾಡುತ್ತಾರೆ? ಅಂದಿನಿಂದ ಅದೇ ರೂಢಿಯಾಯಿತು. ರೂಢಿಯಾದದ್ದನ್ನು ಯಾರೂ ಮತ್ತೆ ಮುಟ್ಟಿ ನೋಡುವುದಿಲ್ಲ, ವಿಜ್ಞಾನಿಗಳಂತೂ ನೋಡುವುದೇ ಇಲ್ಲ.

ಮಾರ್ತಾಂಡಪ್ಪ ಭಜಂತ್ರಿ ಹಳೇ ಹುಬ್ಬಳ್ಳಿಯ ಒಂದು ಬ್ರಾಸ್ ಬ್ಯಾಂಡಿನ ಮಾಸ್ತರ. ಕ್ಲಾರಿಯೋನೆಟ್ ಹಿಡಿದು ಮದುವೆ ಮೆರವಣಿಗೆಯ ಮುಂದೆ ನಿಂತರೆ ಕುದುರೆಯ ಮೇಲಿನ ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ. ವರ್ಷದ ಹಿಂದೆ ಅವನಿಗೆ ಈ ರೋಗ ಪತ್ತೆಯಾಗಿತ್ತು. ಶಾಸ್ತ್ರಿ ಆಮೆ ಎಂದಿದ್ದ. ಆವತ್ತು ಅವನ ಹೆಂಡತಿ ಫಕೀರವ್ವ ಕೇಂದ್ರಕ್ಕೆಲ್ಲ ಪೇಡೆ ಹಂಚಿದ್ದಳು. ಆಮೆ ಎನಿಸಿಕೊಂಡವರ ಮನೆಯವರು ಪೇಡೆ ಹಂಚುವುದು ಆಗ ಊರಲ್ಲಿ ಪದ್ಧತಿಯೇ ಆಗಿತ್ತು. ಆಮೆ ಎಂದ ಕೂಡಲೇ ಜನ ನಿಲ್ಲಿಸಿದ್ದ ಮನೆ ಕಟ್ಟುತ್ತಿದ್ದರು, ಮುರಿದಿದ್ದ ಮದುವೆ ಮಾತು ಮತ್ತೆ ಎತ್ತುತ್ತಿದ್ದರು.

ಈ ಸಲ ಫಕೀರವ್ವ ಪೇಡೆ ತಂದಿರಲಿಲ್ಲ. ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ಬ್ಯಾಂಡಿನ ಕೆಂಪು ಕೋಟನ್ನು ಮೇಜಿನ ಮೇಲಿಟ್ಟಳು.

"ನೋಡ್ರಿ ಬಾಯಾರ. ಕುತ್ತಿಗಿ ಗುಂಡಿ ಹತ್ತವಲ್ದು. ರಾತ್ರಿ ಬೆವತು ದಿಂಬು ತೊಯ್ತೇತಿ. ನಿಮ್ಮ ಶಾಸ್ತ್ರಿ ಆಮಿ ಅಂತಾನ, ಈ ಆಮಿ ಓಡಾಕತ್ತೇತಿ."

ಸುನಂದಾ ಅವನ ಕುತ್ತಿಗೆಯ ಗಂಟುಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಹೌದು, ಬೆಳೆದಿದ್ದವು. ಆದರೆ ಬೆಳಿಗ್ಗೆಯಷ್ಟೇ ಶಾಸ್ತ್ರಿ ಮತ್ತೊಮ್ಮೆ ಆಮೆ ಎಂದಿದ್ದ.

"ಹಲ್ಲು ತೋರ್ಸೀರೇನು? ಹಲ್ಲಿನ ಸೋಂಕಿನಿಂದನೂ ಗಂಟು ಊದತಾವು."

"ನನಗ ಹಲ್ಲರ ಎಲ್ಲಿ ಉಳದಾವ್ರಿ?" ಎಂದು ಮಾರ್ತಾಂಡಪ್ಪ ನಕ್ಕ. ನಗುವಿನ ಕೊನೆಗೆ ಅವನಿಗೆ ದಮ್ಮು ಸಾಲಲಿಲ್ಲ. "ಸ್ವರ ಹಿಡಿಯಾಕ ಆಗವಲ್ದು ಬಾಯಾರ. ಊದೂದು ಬಿಟ್ರ ನಾ ಇದ್ದೇನು ಮಾಡ್ಲಿ? ಔಸದಾ ಚಾಲೂ ಮಾಡ್ರಲ್ಲ."

ಅಲ್ಲಿಯೇ ಇತ್ತು ಸಂಕಟ. ಔಷಧದ ಕಪಾಟು ಶಾಸ್ತ್ರಿಯ ಮಾತಿಗೆ ಮಾತ್ರ ತೆರೆದುಕೊಳ್ಳುತ್ತಿತ್ತು. ಹಿಂದೆಲ್ಲ ಡಾಕ್ಟರುಗಳು ಹೆದರಿ ಆಮೆಗಳಿಗೂ ಔಷಧ ಸುರಿದು ಮೂತ್ರಪಿಂಡ ಕೆಡಿಸುತ್ತಿದ್ದರು. ಅದನ್ನು ತಪ್ಪಿಸಲು ಜಗಳವಾಡಿ ಆ ಏರ್ಪಾಡು ತಂದವಳೇ ಸುನಂದಾ. ಈಗ ತಾನೇ ಹಾಕಿಸಿದ ಬೀಗದ ಮುಂದೆ ತಾನೇ ನಿಂತಿದ್ದಳು.

"ಇನ್ನೊಂದ್ ಸ್ವಲ್ಪ ದಿನ ನೋಡೋಣು. ಶಾಸ್ತ್ರಿ ಈತನಕ ಸುಳ್ಳು ಹೇಳಿಲ್ಲ," ಎಂದಳು.

ಫಕೀರವ್ವ ಕೋಟು ಮಡಚಿಕೊಂಡಳು. "ಹೇಳಿದ್ರ ಗೊತ್ತಾಗೂದು ಹೆಂಗ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಂಡನ ಕೈ ಹಿಡಿದು ಹೊರಟಳು. ಸುನಂದಾಗೆ ಸಿಟ್ಟು ಬಂತು. ಸರಿಯಾದ ಪ್ರಶ್ನೆ ಕೇಳಿದವರ ಮೇಲೆ ಅವಳಿಗೆ ಯಾವಾಗಲೂ ಮೊದಲು ಸಿಟ್ಟೇ ಬರುತ್ತಿತ್ತು.

ಮರುವಾರ ಅವಳು ನಾದಿನಿಯ ಮಗಳ ಮದುವೆಗೆ ಸೊಲ್ಲಾಪುರಕ್ಕೆ ಹೋದಳು. ಕೇಂದ್ರ ಅವಳ ಕಿರಿಯ ಸಹಾಯಕ ಡಾಕ್ಟರ್ ಸಿದ್ಧಾರೂಢ ಕಮ್ಮಾರನ ಕೈಯಲ್ಲಿತ್ತು. ಬೆಳಿಗ್ಗೆ ಆರೋಗ್ಯವಂತರ ಟ್ಯೂಬಿಗೆ ಬೇರೆ ಯಾರೂ ಸಿಗದೆ ಆರೂಢ ತನ್ನ ತೋಳನ್ನೇ ಚಾಚಿದ. ಶಾಸ್ತ್ರಿ ಗೆರೆ ಎಳೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಆರೂಢನ ಬಾಯಿ ಒಣಗಿತ್ತು. ತಪಾಸಣೆಗೆ ಬಂದ ಹಳೆಯ ಆಮೆಗಳಲ್ಲಿ ಅರ್ಧಕ್ಕರ್ಧ ಕುದುರೆಗಳಾಗಿದ್ದವು. ಅವನು ಫಲಿತಾಂಶಗಳನ್ನು ತಡೆಹಿಡಿದು ಸೊಲ್ಲಾಪುರಕ್ಕೆ ಫೋನು ಮಾಡಿದ.

"ಮೇಡಂ, ಶಾಸ್ತ್ರಿಗೆ ತಲಿ ಕೆಟ್ಟೇತಿ."

"ಶಾಸ್ತ್ರಿಗೆ ಕೆಡಂಗಿಲ್ಲ, ನಿನಗ ಕೆಟ್ಟಿರಬೇಕು. ಯಾರ ರಕ್ತ ಹಾಕಿದಿ?"

"ನಂದ ರೀ."

ಫೋನಿನ ಆಚೆ ಮಂಗಳವಾದ್ಯ ಮೊಳಗುತ್ತಿತ್ತು. ಸುನಂದಾ ಗದ್ದಲದಿಂದ ದೂರ ಸರಿದಳು. ಆಮೇಲೆ, ಅಪರೂಪಕ್ಕೆಂಬಂತೆ ಮೆತ್ತಗೆ, "ಯಾರಿಗೂ ಏನೂ ಹೇಳಬ್ಯಾಡ. ನಾ ನಾಳೆ ಬರ್ತೀನಿ," ಎಂದಳು.

ಬಂದವಳೇ ಆರೂಢನ ಟ್ಯೂಬಿನ ಚಿತ್ರ ತೆಗೆದು ನೋಡಿದಳು. ಅವನ ಕಣಗಳ ಮೇಲೆ ಬಾವುಟಗಳು ತೀರ ತೆಳುವಾಗಿದ್ದವು. ಅವನ ಮೇಲೆ ಎಳೆದ ಗೆರೆ ನೆಲಕ್ಕೇ ಬಿದ್ದಿತ್ತು. ಗೆರೆ ಅಷ್ಟು ಕೆಳಗಿದ್ದರೆ ಅಷ್ಟೊಂದು ಜನ ಅದಕ್ಕಿಂತ ಮೇಲೆ ಕಾಣುವುದು ಸಹಜ. ಅವಳಿಗೆ ವಿಷಯ ಸ್ಪಷ್ಟವಾಯಿತು, ಯಾವಾಗಲೂ ಆಗುವಂತೆ, ಕೂಡಲೇ.

"ಕೂಡು ಆರೂಢ. ಹೆದರಬ್ಯಾಡ. ನಿನ್ನ ರೋಗನಿರೋಧಕ ಶಕ್ತಿಯಾಗ ಏನೋ ಕೊರತಿ ಐತಿ. ಮೆಸ್ಸಿನ ಊಟ ಬಿಡು, ನಾಳಿಂದ ನಮ್ಮ ಮನ್ಯಾಗ ಉಣ್ಣು. ದೊಡ್ಡ ತಪಾಸಣಿಗೆ ನಾನ ಬರದು ಕೊಡ್ತೀನಿ."

ಮುಂದಿನ ತಿಂಗಳು ಗದಗಿನಲ್ಲಿ ಆರೂಢನ ನಿಶ್ಚಯವಿತ್ತು. ಪಾಪ, ಅವನು ಹೊರಗೆ ಹೋಗಿ ಹುಡುಗಿಗೆ ಫೋನು ಹಚ್ಚಿ, ಅವಳು ಎತ್ತುವ ಮೊದಲೇ ಇಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಪಾಪ ತಾನೇ ಡೊಂಕೆಂದು ಒಪ್ಪಿಕೊಂಡಿತ್ತು.

ಸುನಂದಾ ಅರ್ಧ ಕೆಲಸ ಮಾಡುವವಳಲ್ಲ. ಆರೂಢನ ಕೊರತೆ ಎಷ್ಟೆಂದು ತೋರಿಸಲು ಹೋಲಿಕೆ ಬೇಕಲ್ಲ, ಕೇಂದ್ರದ ಕಾವಲುಗಾರ, ಕ್ಯಾಂಟೀನಿನ ಇಬ್ಬರು, ರಕ್ತ ತೆಗೆಯುವ ನರ್ಸು, ಎಲ್ಲರ ರಕ್ತವನ್ನೂ ತೆಗೆಸಿದಳು. ಶಾಸ್ತ್ರಿ ಎಲ್ಲರನ್ನೂ ನೋಡಿದ. ಎಲ್ಲರ ಬಾವುಟವೂ ಆರೂಢನಷ್ಟೇ ತೆಳು.

ಆವತ್ತು ಸಂಜೆ ಮನೆಯಲ್ಲಿ ಗಂಡ ಶಿವಯೋಗಪ್ಪ ರೊಟ್ಟಿ ಬಡಿಯುತ್ತಿದ್ದ. ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದ ಮೇಲೆ ಅವನು ಹಿಡಿದ ವಿದ್ಯೆ ಅದು. ಅವನ ರೊಟ್ಟಿಗಳು ದುಂಡಗಿರುತ್ತಿರಲಿಲ್ಲ, ಒಂದೊಂದು ಒಂದೊಂದು ಖಂಡದ ಆಕಾರ.

"ಈ ಊರಿನ ನೀರಿನಾಗ ಏನೋ ಐತಿ ರೀ," ಎಂದಳು ಸುನಂದಾ ಆಸ್ಟ್ರೇಲಿಯಾ ಮುರಿಯುತ್ತ. "ಎಲ್ಲಾರಿಗೂ ಒಂದ ಕೊರತಿ. ಇಡೀ ಹುಬ್ಬಳ್ಳಿ ಮ್ಯಾಲೆ ಒಂದು ಲೇಖನ ಬರೀಬೇಕು."

"ಎಲ್ಲಾರಿಗೂ ಅಂದ್ರ?"

"ಎಲ್ಲಾರಿಗೂ. ನಾ ಒಬ್ಬಾಕಿ ಬಿಟ್ಟು."

ಶಿವಯೋಗಪ್ಪ ಹಂಚಿನ ಮೇಲಿನ ರೊಟ್ಟಿ ತಿರುವಿದ. "ಗುಡ್ಡದ ಎತ್ತರ ಎಲ್ಲಿಂದ ಅಳೀತಾರ ಗೊತ್ತಲ್ಲ? ಸಮುದ್ರದ ಮಟ್ಟದಿಂದ. ಸಮುದ್ರಾನ ಏರಿತು ಅಂದ್ರ ಗುಡ್ಡ ಎಲ್ಲಾ ಗಿಡ್ಡ ಆಗ್ತಾವು. ಗುಡ್ಡದ್ದೇನು ತಪ್ಪು?"

ಅವನು ತಮಾಷೆಗೆ ಹೇಳಿದ್ದ. ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಊರೆಲ್ಲ ವಾಲಿದೆ, ತಾನೊಬ್ಬಳೇ ನೆಟ್ಟಗಿದ್ದೇನೆ ಎನಿಸಿದಾಗ ಮನುಷ್ಯರು ಒಮ್ಮೆ ತಮ್ಮ ಕಾಲ ಕೆಳಗೆ ನೋಡಿಕೊಳ್ಳಬೇಕು. ಸುನಂದಾ ಆ ಹೊತ್ತಿನಲ್ಲಿ ನೋಡಿಕೊಂಡಳು.

"ಯಾಕ, ಉಪ್ಪು ಹೆಚ್ಚಾತೇನು?" ಎಂದ ಶಿವಯೋಗಪ್ಪ.

"ಇಲ್ಲ," ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಅವನು ಹಿಂದೆ ಕೇಳಿರಲಿಲ್ಲ. ಬಂದು ಪಕ್ಕದಲ್ಲಿ ಕೂತ.

ಬೆಳಿಗ್ಗೆ ಅವಳು ತನ್ನ ರಕ್ತದ ಟ್ಯೂಬಿಗೆ ಮೊದಲ ಬಾರಿ ರೋಗಿಯ ಚೀಟಿ ಅಂಟಿಸಿದಳು. ಗೆರೆ ಎಳೆಯಲು ಆರೂಢ, ಕಾವಲುಗಾರ, ನರ್ಸು ಎಲ್ಲರ ರಕ್ತವನ್ನೂ ಕೊಟ್ಟಳು. ಇದುವರೆಗೆ ಶಾಸ್ತ್ರಿ ಅವಳ ರಕ್ತವನ್ನು ದಿನವೂ ನೋಡಿದ್ದ, ಆದರೆ ಆರೋಗ್ಯವಂತರು ಎಂದು ಚೀಟಿಯಿದ್ದ ಟ್ಯೂಬಿನಲ್ಲಿ ರೋಗ ಹುಡುಕಲು ಅವನಿಗೆ ಯಾರೂ ಹೇಳಿರಲಿಲ್ಲ. ಅದರ ಮೇಲೆ ಗೆರೆ ಎಳೆ ಎಂದಷ್ಟೇ ಹೇಳಿದ್ದರು. ಯಂತ್ರ ಹೇಳಿದ್ದನ್ನು ಮಾಡುತ್ತದೆ. ಮನುಷ್ಯರಾಗಿದ್ದರೆ ಬಹುಶಃ ಇಣುಕಿ ನೋಡುತ್ತಿದ್ದರು.

ಪರದೆಯ ಮೇಲೆ ಚುಕ್ಕೆಗಳು ಮೂಡಿದವು. ಒಂದು ಮೂಲೆಯಲ್ಲಿ ದಟ್ಟನೆಯ ಗುಂಪು ಕೂಡಿತು. ಅಂಥ ಗುಂಪನ್ನು ಸುನಂದಾ ಸಾವಿರ ರೋಗಿಗಳಲ್ಲಿ ನೋಡಿದ್ದಳು, ಹೊಸದೇನೂ ಇರಲಿಲ್ಲ. ವರ್ಷದಿಂದ ಅವಳೊಳಗೆ ರೋಗ ಬೆಳೆದಿತ್ತು, ಅದರ ಜೊತೆಗೆ ಬಾವುಟ ದಟ್ಟವಾಗಿತ್ತು, ಬಾವುಟದ ಜೊತೆಗೆ ಗೆರೆ ಮೇಲೇರಿತ್ತು. ಆ ಏರಿದ ಗೆರೆಯ ಕೆಳಗೆ ಮಾರ್ತಾಂಡಪ್ಪನಂಥವರ ಕುದುರೆಗಳೆಲ್ಲ ಆಮೆಗಳಾಗಿ ಕಂಡಿದ್ದವು.

ಶಾಸ್ತ್ರಿ ತನ್ನ ತೀರ್ಮಾನ ಹೇಳಿದ. ಸುನಂದಾ ಇಟಗಿ, ಕುದುರೆ.

ಆರೂಢ ಅಳುವಂತಾದ. ತಾನು ಆರೋಗ್ಯವಾಗಿದ್ದೇನೆಂದು ಸಂತೋಷಪಡುವುದಕ್ಕೂ ಅವನಿಗೆ ನಾಚಿಕೆಯಾಗಿತ್ತು.

"ಮೇಡಂ, ಮತ್ತೊಮ್ಮೆ ಹಾಕೋಣೇನ್ರಿ?"

"ಯಾಕ? ನನಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯೇನು?" ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಆದರೂ ಅವಳಿಗೆ ಹೆದರಿಕೆಯಾಗಿತ್ತು, ಸಾಯುವ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. "ಮಾರ್ತಾಂಡಪ್ಪನ ರಕ್ತ ಫ್ರಿಜ್ಜಿನಾಗ ಐತೇನು? ಮೊದಲ ಅವಂದು ಹಾಕು. ಹೊಸಾ ಗೆರಿ ಮ್ಯಾಲೆ."

ಫ್ರಿಜ್ಜಿನಲ್ಲಿ ಅವನ ಕಣಗಳನ್ನು ಕಾಪಿಟ್ಟಿದ್ದರು. ಶಾಸ್ತ್ರಿ ಈ ಸಲ ಕುದುರೆ ಎಂದ. ಕೇಂದ್ರದ ಮೂಲೆಯಲ್ಲಿ ಔಷಧದ ಕಪಾಟು ಟಕ್ಕೆಂದು ಬಾಯಿ ತೆರೆಯಿತು. ಆರೂಢ ಕಳೆದ ವರ್ಷ ಆಮೆ ಎನಿಸಿಕೊಂಡ ಪ್ರತಿಯೊಬ್ಬರಿಗೂ ಫೋನು ಮಾಡತೊಡಗಿದ. ಮಾರ್ತಾಂಡಪ್ಪನಿಗೆ ಮಾತ್ರ ಫೋನು ಬೇಡ, ತಾನೇ ಹೋಗುತ್ತೇನೆ ಎಂದಳು ಸುನಂದಾ.

ಬ್ಯಾಂಡಿನವರ ಅಂಗಳದಲ್ಲಿ ಹುಡುಗರು ತಾಲೀಮು ನಡೆಸಿದ್ದರು. ಮಾಸ್ತರ ಊದುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂತು ಕೈಯಿಂದ ತಾಳ ಹಾಕುತ್ತಿದ್ದ. ಡಾಕ್ಟರು ತಾನಾಗಿ ಮನೆ ಬಾಗಿಲಿಗೆ ಬಂದಿದ್ದು ಕಂಡು ಫಕೀರವ್ವನ ಮುಖ ಕಪ್ಪಿಟ್ಟಿತು. ಸುನಂದಾ ಚಹಾ ಬೇಡವೆಂದಳು, ಕೂರಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೆರೆ ಏನು, ಟ್ಯೂಬು ಯಾರದ್ದು, ತಪ್ಪು ಎಲ್ಲಿ, ಎಲ್ಲ.

ಫಕೀರವ್ವ ಮಾತು ಮುಗಿಯುವ ತನಕ ಕೇಳಿದಳು. ಆಮೇಲೆ ಅವಳ ಸಿಟ್ಟು ಕಟ್ಟೆ ಒಡೆಯಿತು.

"ಊರ ಮಂದಿ ರಕ್ತ ಎಲ್ಲಾ ನೀರಾಗಿತ್ತೇನ್ರಿ, ನಿಮ್ಮದೊಂದ ಬಂಗಾರಾಗಿತ್ತೇನು? ನಾ ಬಂದು ಬಾಯಿ ಬಡಕೊಂಡೆ, ಆಮಿ ಓಡಾಕತ್ತೇತಿ ಅಂತ. ಇವ್ರಿಗೆ ಏನರ ಆದ್ರ, ಬಾಯಾರ, ನಿಮ್ಮನ್ನ ನಾ ಬಿಡಂಗಿಲ್ಲ!"

"ಬಿಡಬ್ಯಾಡ," ಎಂದಳು ಸುನಂದಾ. "ಆದ್ರ ಅದಕ್ಕ ಮೊದಲ ಅವ್ರನ್ನ ಕರಕೊಂಡ ಬಾ. ಮಜ್ಜಿ ಇನ್ನೂ ಪೂರ್ತಿ ತುಂಬಿರಲಿಕ್ಕಿಲ್ಲ. ಇನ್ನೂ ವ್ಯಾಳ್ಯಾ ಐತಿ. ಇವತ್ತ ಬಾ."

ಮಾರ್ತಾಂಡಪ್ಪ ಕಟ್ಟೆಯಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದ. "ಜಗಳಾ ರಿಕ್ಷಾದಾಗ ಮಾಡ್ರಿ, ನಡೀರಿ," ಎಂದ.

ಮಜ್ಜೆ ಅರ್ಧ ತುಂಬಿತ್ತು. ಇನ್ನೆರಡು ತಿಂಗಳು ಕಳೆದಿದ್ದರೆ ಹೇಳುವಂತಿರಲಿಲ್ಲ. ಈಗಿನ ಔಷಧಕ್ಕೆ ಒಂದು ಗುಣವಿದೆ. ಅದು ಹುಡುಕಿಕೊಂಡು ಹೋಗಿ ಹಿಡಿಯುವುದು ಅದೇ ಬಾವುಟವನ್ನು. ಬಾವುಟ ದಟ್ಟವಾಗಿದ್ದಷ್ಟೂ ಹಿಡಿತ ಗಟ್ಟಿ. ರೋಗ ತನ್ನ ಅವಸರವನ್ನು ಸಾರಿಕೊಂಡಿದ್ದೇ ಅದಕ್ಕೆ ಮುಳುವಾಗುತ್ತದೆ. ಮೊದಲ ಕಂತಿಗೆ ಮಾರ್ತಾಂಡಪ್ಪನಿಗೆ ಚಳಿಜ್ವರ ಬಂದು ಮಂಚ ಅಲ್ಲಾಡಿತು. ಮೂರನೆಯ ಕಂತಿನ ಹೊತ್ತಿಗೆ ಗಂಟುಗಳು ಕರಗತೊಡಗಿದ್ದವು. ಅಷ್ಟರಲ್ಲಿ ಬ್ಯಾಂಡಿನ ಹುಡುಗರು ಆಸ್ಪತ್ರೆಯ ಕಿಟಕಿಯ ಹೊರಗೆ ಬಂದು, ಮಾಸ್ತರಿಗೆ ಹೊಸ ಹಾಡು ಕೇಳಿಸುತ್ತೇವೆಂದು ಡೋಲು ಬಾರಿಸಿ, ಕಾವಲುಗಾರನಿಂದ ಬೈಸಿಕೊಂಡು ಹೋಗಿದ್ದರು.

ಆ ಮೂರನೆಯ ಕಂತಿನ ದಿನ ಪಕ್ಕದ ಕುರ್ಚಿಯಲ್ಲಿ ಸುನಂದಾ ಕೂತಿದ್ದಳು, ಅವಳ ತೋಳಿಗೂ ಅದೇ ಔಷಧದ ನಳಿಕೆ. ಹಣೆಯ ಮೇಲೆ ಬೆವರಿತ್ತು. ಆದರೂ ಆರೂಢನಿಗೆ ಇದು ಹಾಗಲ್ಲ ಹೀಗೆ ಎಂದು ಹೇಳಿಕೊಡುವುದು ನಿಂತಿರಲಿಲ್ಲ. ಗೆರೆಗೆ ಇನ್ನು ಮೇಲೆ ಪ್ರತಿದಿನ ಹಲವರ ರಕ್ತ, ಆ ರಕ್ತ ಕೊಡುವವರಿಗೂ ಮೊದಲು ರೋಗಿಗಳ ಹಾಗೆಯೇ ತಪಾಸಣೆ. ಅದು ಅವಳು ಮಾಡಿಸಿದ ಹೊಸ ನಿಯಮ.

ಫಕೀರವ್ವ ಗಂಡನ ಕಾಲ ಬಳಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಡಾಕ್ಟರ ಜೊತೆ ಅವಳು ಅಲ್ಲಿಯವರೆಗೆ ಮಾತು ಬಿಟ್ಟಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಂದು ಎದುರು ನಿಂತಳು.

"ನಂದು ತಗೋರಿ."

"ಏನು?"

"ರಕ್ತ. ಇವ್ರನ್ನ ಇನ್ ಮ್ಯಾಲೆ ನನ್ನ ರಕ್ತದ ಮ್ಯಾಲೆ ಅಳೀರಿ. ಮಂದೀದು ನಂಗ ನಂಬಿಕಿಲ್ಲ. ಸುಳ್ಳು ಬಂದ್ರ ನನ್ನ ಸುಳ್ಳ ಬರ್ಲಿ."

ಸುನಂದಾ ಅವಳ ಕಡೆ ತಿರುಗಿ, "ತಗೋತೀನಿ," ಎಂದಳು. "ಆದ್ರ ಮೊದಲ ನಿಂದು ತಪಾಸಣಿ ಆಗ್ಬೇಕು. ನಿನಗ ಏನೂ ಇಲ್ಲ ಅಂತ ನೋಡಿಕೊಂಡ ಮ್ಯಾಲ ಗೆರಿಗೆ ಹಾಕ್ತೀವಿ."

ಫಕೀರವ್ವನ ಹುಬ್ಬು ಮೇಲೇರಿತು. ಸೊಂಟದ ಮೇಲೆ ಕೈಯಿಟ್ಟಳು. "ನನಗೇನಾಗೇತ್ರಿ? ಒಂದ ದಿನ ಜ್ವರಾ ಅಂತ ಮಲಗಿದಾಕಿ ಅಲ್ಲ ನಾ. ಕಲ್ಲ ಇದ್ದಂಗ ಅದೀನಿ!"

"ನನಗೂ ಹಂಗ ಅನಿಸಿತ್ತು, ಫಕೀರವ್ವ," ಎಂದಳು ಸುನಂದಾ.

ಫಕೀರವ್ವ ಅವಳ ಮುಖ ನೋಡಿದಳು, ತೋಳಿನ ನಳಿಕೆ ನೋಡಿದಳು. ಪಕ್ಕದ ಸ್ಟೂಲು ಎಳೆದುಕೊಂಡು ಕೂತು, ಕುಪ್ಪಸದ ತೋಳು ಮೇಲೇರಿಸಿದಳು.